ಅಪ್ಪನ ಫೋನು, ಮಗನ ಆಟ: ವಯಸ್ಸಿನ ನಿಯಮಗಳು ಸೋಲುವುದು ಎಲ್ಲಿ

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಬಂದೂಕಿನ ಮೊಬೈಲ್ ಆಟ 2023ರ ಮೇ ತಿಂಗಳಲ್ಲಿ ಭಾರತಕ್ಕೆ ಮರಳಿದ್ದು ಷರತ್ತುಗಳ ಜೊತೆಗೆ. 18 ತುಂಬದವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ. ಚಿಕ್ಕವರು ಆಡಬೇಕಾದರೆ ಹೆತ್ತವರ ಮೊಬೈಲಿಗೆ ಒಟಿಪಿ ಹೋಗಬೇಕು. ಖರ್ಚಿಗೂ ದಿನದ ಮಿತಿ. ಬರೆದಿಟ್ಟದ್ದೆಲ್ಲ ಸರಿಯಾಗಿಯೇ ಇದೆ. ಆದರೆ ನಿಯಮ ನಿಂತಿರುವುದು ಆಡುವವನು ಹೇಳುವ ವಯಸ್ಸಿನ ಮೇಲೆ. 18 ತುಂಬಿದೆ ಎಂದು ಒತ್ತಿದರೆ ಮಿತಿಯೇ ಬದಲಾಗುತ್ತದೆ. ತುಂಬಿಲ್ಲ ಎಂದು ಪ್ರಾಮಾಣಿಕವಾಗಿ ಒತ್ತಿದ ಹುಡುಗನಿಗೂ ಅಡ್ಡಿಯಿಲ್ಲ, ಒಟಿಪಿ ಬರುವ ಫೋನು ಅವನ ಕೈಯಲ್ಲೇ ಇದೆ.

ಮಕ್ಕಳು ಮತ್ತು ತಂತ್ರಜ್ಞಾನದ ಬಗ್ಗೆ ಈಚೆಗೆ ಬಂದ ಹೆಚ್ಚಿನ ನಿಯಮಗಳು ಎಡವುವುದು ಇಲ್ಲೇ. ಅವನ್ನು ಬರೆಯುವವರ ಕಣ್ಣಮುಂದೆ ಇರುವುದು ಒಬ್ಬರಿಗೊಂದು ಫೋನು, ಒಬ್ಬರಿಗೊಂದು ಖಾತೆ ಇರುವ ಮನೆ. ನಮ್ಮಲ್ಲಿ ಬಹಳಷ್ಟು ಕಡೆ ಫೋನು ಇಡೀ ಮನೆಯದು. ಅಪ್ಪನ ಸಿಮ್, ಅಮ್ಮನ ಜಿಮೇಲ್, ಅಣ್ಣ ಹಾಕಿಕೊಂಡ ಆಟ, ತಂಗಿಯ ಬೆರಳಚ್ಚು ಎಲ್ಲವೂ ಒಂದೇ ಸೆಟ್ಟಿನಲ್ಲಿ. ಪರದೆ ಮುಟ್ಟುತ್ತಿರುವುದು ಯಾರೆಂದು ಫೋನಿಗೆ ತಿಳಿಯದಿದ್ದರೆ ವಯಸ್ಸಿನ ನಿಯಮ ಯಾರ ಮೇಲೆ ಕೆಲಸ ಮಾಡಬೇಕು? ಆಟದಲ್ಲಿ ದುಡ್ಡು ಹೋಗುವುದು, ಶಾಲೆಯ ಮೊಬೈಲ್ ನಿಷೇಧ ಗೇಟಿನ ಹೊರಗೆ ಕರಗಿಹೋಗುವುದು, ಶಾಲೆಯ ಕಂಪ್ಯೂಟರಿನಿಂದ ಮಕ್ಕಳ ಮಾಹಿತಿ ಸೋರುವುದು ಬೇರೆ ಬೇರೆ ಸಮಸ್ಯೆಗಳಂತೆ ಕಾಣುತ್ತವೆ. ನನ್ನ ಪ್ರಕಾರ ಮೂರರ ಬೇರೂ ಒಂದೇ: ಒಬ್ಬರ ಕೀಲಿಯನ್ನು ಹಲವರು ಬಳಸುವ ಅಭ್ಯಾಸ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 20ರಂದು ಲೋಕಸಭೆ, ಮರುದಿನ ರಾಜ್ಯಸಭೆ ಒಪ್ಪಿಗೆ ಕೊಟ್ಟವು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಹಣ ಗೆಲ್ಲುವ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಅಂಥ ಆಟದ ಜಾಹೀರಾತಿಗೆ ಎರಡು ವರ್ಷ, 50 ಲಕ್ಷ. ಆಡಿದವರಿಗೆ ಶಿಕ್ಷೆಯಿಲ್ಲ. ಡ್ರೀಮ್11, ಎಂಪಿಎಲ್‌ನಂಥ ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿದವು. ಕರ್ನಾಟಕ ಇದೇ ಪ್ರಯತ್ನವನ್ನು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಮಾಡಿತ್ತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದುಪಡಿಸಿತು. ಕೇಂದ್ರದ ಕಾಯ್ದೆಯ ವಿರುದ್ಧವೂ ಕರ್ನಾಟಕ ಹೈಕೋರ್ಟಿಗೆ ಅರ್ಜಿ ಬಂತು. ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ಇಂಥ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ರಮ್ಮಿಯಲ್ಲಿ ಮನೆ ಕಳೆದುಕೊಂಡ ಕುಟುಂಬಗಳನ್ನು ನೆನೆದರೆ ಈ ಕಾಯ್ದೆ ಬೇಕಿತ್ತು ಎಂದೇ ಹೇಳುತ್ತೇನೆ. ಆದರೆ ಮಕ್ಕಳು ಆಡುವ ಆಟಗಳನ್ನು ಅದು ಹೆಚ್ಚುಕಮ್ಮಿ ಮುಟ್ಟುವುದಿಲ್ಲ. ಫ್ರೀ ಫೈರ್ ಮ್ಯಾಕ್ಸ್‌ನ ಡೈಮಂಡ್, ಬಿಜಿಎಂಐನ ಯುಸಿ, ರೋಬ್ಲಾಕ್ಸ್‌ನ ರೋಬಕ್ಸ್ ಎಂಬ ಆಟದೊಳಗಿನ ನಾಣ್ಯಗಳನ್ನು ಕೊಳ್ಳುವವನು ಹಣ ಗೆಲ್ಲುವ ನಿರೀಕ್ಷೆಯಿಂದ ಕೊಳ್ಳುವುದಿಲ್ಲ. ಅವನಿಗೆ ಬೇಕಿರುವುದು ಬಂದೂಕಿನ ಅಂದ ಬದಲಿಸುವ ಸ್ಕಿನ್, ಹೊಸ ಡ್ರೆಸ್, ಸೀಸನ್ ಪಾಸ್. ಕಾನೂನಿನ ಕಣ್ಣಲ್ಲಿ ಅದು ಸಾಮಾನು ಖರೀದಿ. ಅಪ್ಪನ ಖಾತೆಯಿಂದ ಎಂಟು ಸಾವಿರ ಹೋಗಿದ್ದರೂ ಅದು ಜೂಜಲ್ಲ, ವಂಚನೆಯೂ ಅಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. 18ರ ಒಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಬಹುದಾದದ್ದಾಗಿರಬೇಕು. ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಕಾಯ್ದೆ 2023ರದ್ದು, ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ, ಅಂದರೆ 2027ರ ಮೇ. ಡಿಜಿಲಾಕರ್‌ನಂಥ ವ್ಯವಸ್ಥೆಯ ಮೂಲಕ ಹೆತ್ತವರನ್ನು ಗುರುತಿಸಬಹುದು ಎನ್ನುತ್ತವೆ ನಿಯಮಗಳು. ಹೆತ್ತವರು ಯಾರೆಂದು ಅದರಿಂದ ಗೊತ್ತಾಗುತ್ತದೆ. ಈ ಖಾತೆಯನ್ನು ಮಗು ಬಳಸುತ್ತಿದೆ ಎಂದು ಮೊದಲು ಯಾರಾದರೂ ಹೇಳಿದರೆ ತಾನೇ ಒಪ್ಪಿಗೆಯ ಪ್ರಶ್ನೆ ಏಳುವುದು?

ಹೊರದೇಶಗಳ ಅನುಭವವೂ ಇದನ್ನೇ ತೋರಿಸುತ್ತದೆ. ದಕ್ಷಿಣ ಕೊರಿಯಾ 2011ರಲ್ಲಿ 16ರ ಒಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಬಂದ್ ಮಾಡಿತು. ಮಕ್ಕಳು ಅಪ್ಪ ಅಮ್ಮನ ಗುರುತಿನ ಸಂಖ್ಯೆ ಹಾಕಿ ಒಳಗೆ ಹೋದರು. 2022ರ ಜನವರಿಯಲ್ಲಿ ಕಾನೂನೇ ಹೋಯಿತು. ಚೀನಾ 2019ರಲ್ಲಿ ಸಮಯದ ಮಿತಿ ತಂದಿತು, 2021ರಲ್ಲಿ ಅದನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳ ರಾತ್ರಿ ಎಂಟರಿಂದ ಒಂಬತ್ತಕ್ಕೆ ಇಳಿಸಿತು. 2019ರ ನಿಯಮದ ಮೇಲೆ ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ 2023ರಲ್ಲಿ ಬಂದ ಅಧ್ಯಯನಕ್ಕೆ, ಅತಿಯಾಗಿ ಆಡುವುದು ತಗ್ಗಿತು ಎನ್ನಲು ನಂಬುವಂಥ ಸಾಕ್ಷ್ಯ ಸಿಗಲಿಲ್ಲ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಒಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ಕೊಡಬಾರದೆಂದು ಕಂಪನಿಗಳಿಗೆ ಹೇಳಿದೆ, ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಮೆಲ್ಬರ್ನ್, ಸಿಡ್ನಿಯ ಕನ್ನಡದ ಮನೆಗಳೂ ಈಗ ಈ ನಿಯಮದೊಳಗೇ ಇವೆ. ಹೊಣೆಯನ್ನು ಮಗುವಿನ ಮೇಲೂ ಹೆತ್ತವರ ಮೇಲೂ ಹಾಕದೆ ಕಂಪನಿಯ ಮೇಲೆ ಹಾಕಿರುವುದು ನನಗೆ ಸರಿಯೆನಿಸುತ್ತದೆ. ಆದರೆ ನಿಯಮಕ್ಕೆ ಒಳಪಟ್ಟ ತಾಣಗಳ ಪಟ್ಟಿಯಲ್ಲಿ ರೋಬ್ಲಾಕ್ಸ್ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ. ನಮ್ಮ ಹುಡುಗರ ಸಂಜೆ ಕಳೆಯುವುದು ಇಂಥ ಕಡೆಯೇ.

ದುಡ್ಡು ಹೋಗುವ ದಾರಿಗಳು

ಹಾಗಾಗಿ ಬೀಗ ಹಾಕಬೇಕಾದದ್ದು ಮನೆಯ ಫೋನಿಗೆ, ಅದರಲ್ಲೂ ಮೊದಲು ದುಡ್ಡಿನ ದಾರಿಗೆ. ಆಟದ ಸಮಯದ ಬಗ್ಗೆ ಮನೆಯಲ್ಲಿ ಚರ್ಚೆ ಮಾಡಬಹುದು, ಹೊಂದಿಕೊಳ್ಳಬಹುದು. ದುಡ್ಡಿನ ಬಾಗಿಲು ಮುಚ್ಚುವುದಕ್ಕೆ ಚರ್ಚೆ ಬೇಕಿಲ್ಲ, ಅರ್ಧ ಗಂಟೆ ಸಾಕು.

ಮೊದಲು ನೋಡಬೇಕಾದದ್ದು ಬೆರಳಚ್ಚು. ಪದೇ ಪದೇ ಲಾಕ್ ತೆಗೆದುಕೊಡಲು ಬೇಸರವಾಗಿ ಮಗುವಿನ ಬೆರಳನ್ನೂ ಫೋನಿಗೆ ಸೇರಿಸಿರುತ್ತಾರೆ. ಫೋನಿಗೆ ಎಲ್ಲ ಬೆರಳೂ ಒಂದೇ. ಇದು ಮಾಲೀಕರದು, ಇದು ಮಗುವಿನದು ಎಂಬ ಭೇದ ಅದಕ್ಕಿಲ್ಲ. ಪ್ಲೇ ಸ್ಟೋರ್‌ನ ಖರೀದಿ ದೃಢೀಕರಣ ಆ ಬೆರಳಿಗೆ ತೆರೆಯುತ್ತದೆ, ಯುಪಿಐ ಆ್ಯಪಿನ ಹೊರಬಾಗಿಲು ತೆರೆಯುತ್ತದೆ. 2025ರ ಅಕ್ಟೋಬರಿನಿಂದ ಯುಪಿಐ ಪಿನ್ ಬದಲು ಬೆರಳಚ್ಚಿನಲ್ಲೇ ಪಾವತಿ ಮಾಡುವ ಸೌಲಭ್ಯವೂ ಬಂದಿದೆ. ಅದನ್ನು ಆನ್ ಮಾಡಿಕೊಂಡ ಫೋನಿನಲ್ಲಿ ಮಗುವಿನ ಬೆರಳು ಇರಲೇಕೂಡದು. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ತೆರೆದು ಫಿಂಗರ್‌ಪ್ರಿಂಟ್ ಪಟ್ಟಿ ನೋಡಿ. ಯಾವ ಬೆರಳು ಯಾರದೆಂದು ನೆನಪಿಲ್ಲದಿದ್ದರೆ ಎಲ್ಲವನ್ನೂ ಅಳಿಸಿ, ನಿಮ್ಮದನ್ನು ಮಾತ್ರ ಮತ್ತೆ ಸೇರಿಸಿ. ಸ್ಕ್ರೀನ್ ಲಾಕಿನ ಪಿನ್ನೂ ಮಗುವಿಗೆ ಗೊತ್ತಿರುತ್ತದೆ, ಅದನ್ನೂ ಬದಲಿಸಿ. ಮುಂದೆ ಹೇಳುವ ಎಲ್ಲವೂ ಈ ಪಿನ್ ಗುಟ್ಟಾಗಿರುವುದರ ಮೇಲೆ ನಿಂತಿದೆ.

ಎರಡನೆಯದು ಪ್ಲೇ ಸ್ಟೋರ್. ಮೇಲಿನ ಮೂಲೆಯ ಚಿತ್ರ ಒತ್ತಿ ಸೆಟ್ಟಿಂಗ್ಸ್‌ಗೆ ಹೋದರೆ ಖರೀದಿ ದೃಢೀಕರಣದ ಆಯ್ಕೆ ಸಿಗುತ್ತದೆ. ಅದು ಪ್ರತಿ ಖರೀದಿಗೂ ಕೇಳುವಂತಿರಲಿ. ಪೇಮೆಂಟ್ಸ್ ವಿಭಾಗದಲ್ಲಿ ಉಳಿದುಕೊಂಡ ಕಾರ್ಡ್ ತೆಗೆದುಹಾಕಿ. ಅಲ್ಲಿಯೇ ಪ್ಲೇ ಬ್ಯಾಲೆನ್ಸ್ ಎಷ್ಟಿದೆ, ಚಂದಾ ಏನೇನಿವೆ ನೋಡಿ. ವಾರದ ಮೆಂಬರ್‌ಶಿಪ್, ತಿಂಗಳ ಪಾಸ್ ಒಮ್ಮೆ ಒಪ್ಪಿಗೆ ಕೊಟ್ಟರೆ ತಾನಾಗಿ ಕಡಿತವಾಗುತ್ತ ಹೋಗುತ್ತದೆ. ಏಕೆಂದರೆ 15,000 ರೂಪಾಯಿವರೆಗಿನ ಪುನರಾವರ್ತಿತ ಪಾವತಿಗೆ ಪ್ರತಿಸಲ ಒಟಿಪಿಯಾಗಲಿ ಪಿನ್ನಾಗಲಿ ಬೇಕಿಲ್ಲ. ಯುಪಿಐ ಆ್ಯಪಿನಲ್ಲೂ ಆಟೊಪೇ ಎಂಬ ಪಟ್ಟಿ ಇರುತ್ತದೆ. ಗುರುತು ಸಿಗದ್ದನ್ನು ಅಲ್ಲಿಂದಲೇ ರದ್ದು ಮಾಡಬಹುದು.

ಮೂರನೆಯದು ಯುಪಿಐ ಲೈಟ್. ಹಾಲು, ತರಕಾರಿಯಂಥ ಸಣ್ಣ ಪಾವತಿಗಾಗಿ ಮಾಡಿದ ಸೌಲಭ್ಯ ಇದು. ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಕೇಳುವುದಿಲ್ಲ, ಲೈಟ್ ಖಾತೆಯಲ್ಲಿ 5,000ದವರೆಗೆ ಇಡಬಹುದು. ಪಿನ್ ಇಲ್ಲದಿರುವುದಕ್ಕಿಂತ ಹೆಚ್ಚಿನ ತೊಡಕು ಲೆಕ್ಕದ್ದು. ಲೈಟಿನಿಂದ ಹೋದ ಒಂದೊಂದು ಪಾವತಿ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬೇರೆ ಬೇರೆಯಾಗಿ ಕಾಣುವುದಿಲ್ಲ, ಲೈಟಿಗೆ ತುಂಬಿಸಿದ ಮೊತ್ತವಷ್ಟೇ ಕಾಣುತ್ತದೆ. ಆಟೊ ಟಾಪ್‌ಅಪ್ ಆನ್ ಇದ್ದರೆ ಖಾಲಿಯಾದಾಗಲೆಲ್ಲ ತಾನೇ ತುಂಬಿಕೊಳ್ಳುತ್ತದೆ. ತಿಂಗಳ ಕೊನೆಗೆ ಪಾಸ್‌ಬುಕ್ ಹಿಡಿದು ಕುಳಿತ ಅಪ್ಪನಿಗೆ ಅಲ್ಲಿ ಕಾಣುವುದು ತಾನೇ ತನ್ನ ಖಾತೆಗೆ ಹಾಕಿಕೊಂಡಂಥ ಸಾಲುಗಳು. ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ ಲೈಟ್ ಬೇಡ. ಆಫ್ ಮಾಡಿದರೆ ಉಳಿದ ಹಣ ಖಾತೆಗೆ ವಾಪಸ್ ಬರುತ್ತದೆ.

ಇನ್ನೊಂದು ದಾರಿ ರಿಡೀಮ್ ಕೋಡ್. ಗೂಗಲ್ ಪ್ಲೇಯ ಕೋಡುಗಳನ್ನು ಪಾವತಿ ಆ್ಯಪುಗಳಲ್ಲಿ ಕೊಳ್ಳಬಹುದು, ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ ನಗದು ಕೊಟ್ಟೂ ಪಡೆಯುತ್ತಾರೆ. ಕೈಖರ್ಚಿನ ನೂರು ರೂಪಾಯಿ ಡೈಮಂಡ್ ಆಗುವುದು ಹೀಗೆ. ಇದನ್ನು ಯಾವ ಸೆಟ್ಟಿಂಗೂ ತಡೆಯದು. ತಿಂಗಳಿಗೆ ಇಷ್ಟು ಎಂದು ಒಪ್ಪಿ ಮನೆಯವರೇ ಕೋಡ್ ತಂದುಕೊಡುವುದು ನನಗೆ ಕಂಡ ಒಳ್ಳೆಯ ದಾರಿ. ಕೋಡಿನಲ್ಲಿರುವಷ್ಟೇ ಖರ್ಚು, ಹಿಂದೆ ಬ್ಯಾಂಕ್ ಖಾತೆ ಇಲ್ಲ. ಸ್ವಂತ ಫೋನಿರುವ ಕಾಲೇಜು ಹುಡುಗರಿಗಾದರೆ ಯುಪಿಐ ಸರ್ಕಲ್ ಇದೆ, ಹೆತ್ತವರ ಖಾತೆಯಿಂದ ಮಕ್ಕಳು ಪಾವತಿ ಮಾಡುವ ಸೌಲಭ್ಯ ಅದು. ಅದರಲ್ಲಿ ಪ್ರತಿ ಪಾವತಿಗೂ ಹೆತ್ತವರ ಫೋನಿಗೆ ಒಪ್ಪಿಗೆ ಕೇಳುವ ಬಗೆಯನ್ನೇ ಆರಿಸಿಕೊಳ್ಳಿ.

ಹಣ ಆಗಲೇ ಹೋಗಿದ್ದರೆ ಯಾರ ಬಳಿ ಹೋಗಬೇಕೆಂಬುದರಲ್ಲಿ ಬಹಳ ಜನ ಎಡವುತ್ತಾರೆ. ಮಗುವೇ ಆಟದೊಳಗೆ ಖರೀದಿ ಮಾಡಿದ್ದರೆ ಪ್ಲೇ ಸ್ಟೋರ್‌ನಲ್ಲಿ 48 ಗಂಟೆಯೊಳಗೆ ರೀಫಂಡ್ ಕೇಳಬೇಕು. ತಡವಾದರೆ ಆಟದ ಕಂಪನಿಯನ್ನೇ ಕೇಳಬೇಕಾಗುತ್ತದೆ, ಅಲ್ಲಿ ಹಣ ಸಿಗುವ ಸಾಧ್ಯತೆ ಕಡಿಮೆ. ಬೇರೆ ಯಾರೋ ಮೋಸದಿಂದ ಹಣ ಎಳೆದಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ಹೇಳಬೇಕು. ಗ್ರಾಹಕರ ತಪ್ಪಿಲ್ಲದೆ ಮೂರನೆಯವರಿಂದಾದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಬೀಳದು ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ. ಪಿನ್ ಅನ್ನು ತಾವೇ ಹಂಚಿಕೊಂಡಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದೇ. ಮಗನಿಗೆ ಯುಪಿಐ ಪಿನ್ ಹೇಳಿಕೊಟ್ಟ ಮನೆಗೆ ಈ ವಾಕ್ಯ ಬಹಳ ದುಬಾರಿ.

ಪುಕ್ಕಟೆ ಡೈಮಂಡ್ ಎಂಬ ಬಲೆ

ಯಾರ ಬಳಿ ಎಷ್ಟು ಡೈಮಂಡ್ ಇದೆ ಎಂಬ ಲೆಕ್ಕ ಇರುವುದು ಆಟದ ಕಂಪನಿಯ ಸರ್ವರಿನಲ್ಲಿ. ಫೋನಿನಲ್ಲಿ ಕಾಣುವುದು ಆ ಸಂಖ್ಯೆಯ ಪ್ರತಿಬಿಂಬ ಮಾತ್ರ. ಫೋನಿಗೆ ಯಾವ ಆ್ಯಪ್ ಹಾಕಿದರೂ ಸರ್ವರಿನ ಲೆಕ್ಕ ಬದಲಾಗದು. ಇದನ್ನು ಮಕ್ಕಳಿಗೆ ಒಮ್ಮೆ ಬಿಡಿಸಿ ಹೇಳಿದರೆ ಸಾಕು, ಡೈಮಂಡ್ ಜನರೇಟರ್, ಮಾಡ್ ಎಪಿಕೆ (ಪ್ಲೇ ಸ್ಟೋರ್‌ನ ಹೊರಗಿಂದ ಬರುವ, ತಿದ್ದಿದ ಆಟದ ಆ್ಯಪ್ ಕಡತ), ಹೆಡ್‌ಶಾಟ್ ಹ್ಯಾಕ್ ಎಂಬುದೆಲ್ಲ ಬೇರೇನನ್ನೋ ಕೇಳಲು ಬಂದಿವೆ ಎಂದು ಅವರಿಗೇ ಹೊಳೆಯುತ್ತದೆ. ಕೇಳುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು: ಫೇಸ್‌ಬುಕ್ ಅಥವಾ ಗೂಗಲ್ ಲಾಗಿನ್, ಇಲ್ಲವೇ ಫೋನಿನ ಆ್ಯಕ್ಸೆಸಿಬಿಲಿಟಿ ಮತ್ತು ಎಸ್‌ಎಂಎಸ್ ಅನುಮತಿ. ಎರಡನೆಯದು ಸಿಕ್ಕರೆ ಬ್ಯಾಂಕಿನ ಒಟಿಪಿ ಓದಬಹುದು, ಪರದೆಯ ಮೇಲೆ ಒತ್ತಬಹುದು. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಬರುವ ಎಪಿಕೆಗಳದ್ದೂ ಇದೇ ಕಸುಬು.

ತಡೆಯಲು ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಎಂದು ಬರೆಯಿರಿ. ವಾಟ್ಸ್‌ಆ್ಯಪ್, ಟೆಲಿಗ್ರಾಂ, ಕ್ರೋಮ್, ಫೈಲ್ ಮ್ಯಾನೇಜರ್ ನಾಲ್ಕಕ್ಕೂ ಆಫ್ ಇರಲಿ. ಒಂದನ್ನು ಬಿಟ್ಟರೂ ಅದೇ ಬಾಗಿಲಾಗುತ್ತದೆ. ಆಟದ ಖಾತೆಯನ್ನು ಗೆಸ್ಟ್ ಎಂದು ಬಿಡಬೇಡಿ, ಫೋನ್ ರೀಸೆಟ್ ಆದರೆ ಅದು ಕಳೆದುಹೋಗಬಹುದು. ಹೆತ್ತವರ ಗೂಗಲ್ ಖಾತೆಗೆ ಕಟ್ಟಿ, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಪರಿಶೀಲನೆ ಆನ್ ಮಾಡಿ. ರ‍್ಯಾಂಕ್ ಏರಿಸಿಕೊಡುತ್ತೇನೆಂದು ಐಡಿ ಪಾಸ್‌ವರ್ಡ್ ಪಡೆದವನು ಖಾತೆಯನ್ನೇ ಮಾರಿಬಿಡುವುದು ಮಕ್ಕಳ ಲೋಕದ ಮಾಮೂಲಿ ಕಳವು. ಎರಡು ವರ್ಷ ಆಡಿ ಕಟ್ಟಿದ ಖಾತೆ ಹೋದ ಹುಡುಗನ ಸಂಕಟವನ್ನು ಬರೀ ಆಟ ತಾನೇ ಎಂದು ತಳ್ಳಿಹಾಕಿದರೆ, ಮುಂದೆ ದೊಡ್ಡ ಮೋಸವಾದಾಗ ಅವನು ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ವಾಯ್ಸ್ ಚಾಟ್ ಬಗ್ಗೆ ಒಂದು ಮಾತು. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 52 ಕೋಟಿ ಡಾಲರ್‌ಗೆ ರಾಜಿಯಾಯಿತು. ಮಕ್ಕಳಿಗೂ ಮಾತಿನ ಚಾಟ್ ಮೊದಲಿನಿಂದಲೇ ಆನ್ ಇಟ್ಟದ್ದು ಅಲ್ಲಿನ ದೂರುಗಳಲ್ಲೊಂದು. ಕಂಪನಿ ಮೊದಲೇ ಇಟ್ಟುಕೊಟ್ಟದ್ದನ್ನು ಮಕ್ಕಳು ಬದಲಿಸುವುದಿಲ್ಲ, ದೊಡ್ಡವರೂ ಬದಲಿಸುವುದಿಲ್ಲ. ಆಟದ ಸೆಟ್ಟಿಂಗ್ಸ್ ತೆರೆದು ಮೈಕ್ ಅನ್ನು ಗೆಳೆಯರಿಗಷ್ಟೇ ಸೀಮಿತ ಮಾಡಿ, ಇಲ್ಲವೇ ಫೋನಿನಲ್ಲಿ ಆ ಆಟಕ್ಕಿರುವ ಮೈಕ್ ಅನುಮತಿಯನ್ನೇ ತೆಗೆಯಿರಿ.

ಸಮಯದ ಮಿತಿಯನ್ನು ನಿಮಿಷದಲ್ಲಿ ಹೇಳುವುದಕ್ಕಿಂತ ಮ್ಯಾಚಿನಲ್ಲಿ ಹೇಳುವುದು ಮೇಲು. ಫ್ರೀ ಫೈರ್‌ನ ಒಂದು ಮ್ಯಾಚ್ ಹತ್ತು ಹದಿನೈದು ನಿಮಿಷದ್ದು, ಬಿಜಿಎಂಐನ ದೊಡ್ಡ ಮ್ಯಾಪಿನಲ್ಲಿ ಅರ್ಧ ಗಂಟೆಯಾಗುತ್ತದೆ. ನಡುವೆ ಫೋನು ಕಿತ್ತುಕೊಂಡರೆ ರ‍್ಯಾಂಕ್ ಇಳಿಯುತ್ತದೆ, ಜೊತೆಗಿದ್ದ ಮೂವರು ಬೈಯುತ್ತಾರೆ. ಮನೆಯ ಜಗಳ ಅರ್ಧ ಹುಟ್ಟುವುದು ಅಲ್ಲೇ. ಸಂಜೆಗೆ ಎರಡು ಮ್ಯಾಚ್ ಎಂದು ಮೊದಲೇ ಹೇಳಿ, ಎರಡನೆಯದು ಶುರುವಾಗುವ ಮುನ್ನ ನೆನಪಿಸಿದರೆ ನಿಲ್ಲಿಸುವುದು ಸುಲಭ. ಮಗುವಿನ ಫೋನ್ ಬಳಕೆಗೆ ಮಿತಿ ಹಾಕುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಒಳ್ಳೆಯ ಉಪಕರಣವೇ, ಆದರೆ ಮಗುವಿಗೆ ಬೇರೆ ಸಾಧನವೂ ಬೇರೆ ಖಾತೆಯೂ ಇದ್ದಾಗಲಷ್ಟೇ ಅದರಿಂದ ಪೂರ್ತಿ ಪ್ರಯೋಜನ. ಮನೆಗೆಲ್ಲ ಒಂದೇ ಫೋನಿದ್ದರೆ ಆಂಡ್ರಾಯ್ಡ್‌ನ ಮಲ್ಟಿಪಲ್ ಯೂಸರ್ಸ್ ನೋಡಿ, ಮಗುವಿಗೆ ಬೇರೆ ಪ್ರೊಫೈಲ್ ಮಾಡಿದರೆ ನಿಮ್ಮ ಯುಪಿಐ, ಫೋಟೊ, ಸಂದೇಶ ಅಲ್ಲಿ ಕಾಣವು. ಎಲ್ಲ ಕಂಪನಿಗಳೂ ಇದನ್ನು ಕೊಟ್ಟಿಲ್ಲ. ಶಿಯೋಮಿ ಫೋನುಗಳಲ್ಲಿ ಸೆಕೆಂಡ್ ಸ್ಪೇಸ್ ಎಂಬ ಹೆಸರಿದೆ.

ಹಗಲು ನಿಷೇಧ, ಸಂಜೆ ಹೋಮ್‌ವರ್ಕ್

ಯುನೆಸ್ಕೊ ಲೆಕ್ಕದಂತೆ 2024ರ ಕೊನೆಗೆ 79 ಶಿಕ್ಷಣ ವ್ಯವಸ್ಥೆಗಳಲ್ಲಿ, ಅಂದರೆ ಲೋಕದ ಸುಮಾರು ಶೇ 40ರಷ್ಟರಲ್ಲಿ, ಶಾಲೆಯಲ್ಲಿ ಮೊಬೈಲಿಗೆ ಯಾವುದಾದರೊಂದು ನಿಷೇಧವಿತ್ತು. ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿತು, ಬ್ರೆಜಿಲ್ 2025ರ ಜನವರಿಯಲ್ಲಿ. ನೆದರ್ಲೆಂಡ್ಸ್ 2024ರ ಜನವರಿಯಿಂದ ಕಾನೂನಿಲ್ಲದೆ, ಒಪ್ಪಂದದ ಮೂಲಕ ತಡೆ ತಂದಿತು. ತರಗತಿಯಲ್ಲಿ ಫೋನು ಬೇಡ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅದರಿಂದ ಏನು ಸಿಗುತ್ತದೆ, ಏನು ಸಿಗದು ಎಂಬುದು ಮಾತ್ರ ತಿಳಿದಿರಬೇಕು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ 30 ಶಾಲೆಗಳ 1,227 ಮಕ್ಕಳ ಮೇಲೆ ನಡೆಸಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟ್ಟುನಿಟ್ಟಿನ ಶಾಲೆಯ ಮಕ್ಕಳು ಶಾಲಾ ವೇಳೆಯಲ್ಲಿ ಫೋನನ್ನು ಕಡಿಮೆ ಬಳಸಿದ್ದರು. ಇಡೀ ದಿನದ ಲೆಕ್ಕ ಹಾಕಿದಾಗ ಕಟ್ಟುನಿಟ್ಟಿನ ಮತ್ತು ಸಡಿಲ ನಿಯಮದ ಶಾಲೆಗಳ ನಡುವೆ ವ್ಯತ್ಯಾಸ ಸಿಗಲಿಲ್ಲ, ಮನಸ್ಸಿನ ನೆಮ್ಮದಿಯಲ್ಲೂ ಸಿಗಲಿಲ್ಲ. ಹಗಲು ಉಳಿದದ್ದನ್ನು ಮನೆ ನುಂಗಿತ್ತು.

ನಮ್ಮಲ್ಲಂತೂ ಸರ್ಕಾರಿ ಶಾಲೆಯ ಹೆಚ್ಚಿನ ಮಕ್ಕಳು ಫೋನನ್ನು ಶಾಲೆಗೆ ತರುವುದೇ ಇಲ್ಲ. ಫೋನು ಕೈಗೆ ಬರುವುದು ಸಂಜೆ ಏಳಕ್ಕೆ, ಅದೂ ಶಾಲೆಯ ಹೆಸರಿನಲ್ಲಿ: ಗ್ರೂಪಿಗೆ ಹೋಮ್‌ವರ್ಕ್ ಬಂದಿದೆ, ನೋಡಬೇಕು. ಕೋವಿಡ್ ಕಾಲದಲ್ಲಿ ಅನಿವಾರ್ಯವಾಗಿ ಶುರುವಾದ ಈ ಪದ್ಧತಿ ಕಾರಣ ಹೋದ ಮೇಲೂ ಉಳಿದುಕೊಂಡಿತು. ಗೇಟಿನಲ್ಲಿ ಫೋನು ಬೇಡವೆನ್ನುವ ಶಾಲೆ ಸಂಜೆ ಫೋನಿಲ್ಲದೆ ಓದಲಾಗದಂತೆ ಮಾಡಿದರೆ ಆ ನಿಷೇಧಕ್ಕೆ ಬೆಲೆಯಿಲ್ಲ. ಶಾಲೆಗಳ ಮೊಬೈಲ್ ನೀತಿಯ ಮೊದಲ ಸಾಲು ಇದಾಗಬೇಕೆಂದು ಒತ್ತಿ ಹೇಳುತ್ತೇನೆ: ಹೋಮ್‌ವರ್ಕ್ ಬೋರ್ಡಿನ ಮೇಲೆ ಬರೆದು ಡೈರಿಗೆ ಇಳಿಸಿಕೊಳ್ಳುವಂಥದ್ದಾಗಿರಬೇಕು. ಗ್ರೂಪು ರಜೆ, ಬಸ್ಸು, ಸಭೆಯ ಸುದ್ದಿಗಷ್ಟೇ ಇರಲಿ. ಅಡ್ಮಿನ್ ಮಾತ್ರ ಬರೆಯುವಂತಿರಲಿ, ಸಂಜೆ ಐದರ ನಂತರ ಏನೂ ಬೇಡ. ಮಾಮೂಲಿ ಗ್ರೂಪಿನಲ್ಲಿ ಎಲ್ಲ ತಾಯಂದಿರ ನಂಬರ್ ಎಲ್ಲರಿಗೂ ಕಾಣುತ್ತದೆ. ವಾಟ್ಸ್‌ಆ್ಯಪ್ ಕಮ್ಯುನಿಟಿಯ ಪ್ರಕಟಣೆ ಗ್ರೂಪಿನಲ್ಲಿ ಸದಸ್ಯರ ನಂಬರ್ ಪರಸ್ಪರ ಕಾಣುವುದಿಲ್ಲ. ಚಿತ್ರವನ್ನೇ ನೋಡಿ ಬರೆಯಬೇಕಾದ ದಿನ ಮನೆಯವರು ಫೋಟೊ ತೆರೆದು ಆ್ಯಪ್ ಪಿನ್ನಿಂಗ್ ಹಾಕಿ ಕೊಡಬಹುದು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ, ಹೊರಬರಲು ಪಿನ್ ಕೇಳುವ ಆಯ್ಕೆ ಹಾಕಿ, ಈಚೆಗೆ ತೆರೆದ ಆ್ಯಪುಗಳ ಸಾಲಿನಲ್ಲಿ ಗ್ಯಾಲರಿಯ ಚಿಹ್ನೆ ಒತ್ತಿ ಪಿನ್ ಎಂದು ಆರಿಸಿ. ವಾಟ್ಸ್‌ಆ್ಯಪನ್ನೇ ಪಿನ್ ಮಾಡಿದರೆ ಎಲ್ಲ ಚಾಟುಗಳೂ ತೆರೆದೇ ಇರುತ್ತವೆ, ಅದಕ್ಕೆ ಗ್ಯಾಲರಿ.

ಮಕ್ಕಳು ಫೋನು ತರುವ ಶಾಲೆಗಳಿಗೆ 2025ರ ಫೆಬ್ರವರಿ 28ರ ದೆಹಲಿ ಹೈಕೋರ್ಟ್ ತೀರ್ಪು ಒಳ್ಳೆಯ ಆಧಾರ. ಸಾರಾಸಗಟು ನಿಷೇಧ ಕಾರ್ಯಸಾಧ್ಯವಲ್ಲ ಎಂದ ಕೋರ್ಟ್, ಸಾಧ್ಯವಿರುವಲ್ಲಿ ಬೆಳಿಗ್ಗೆ ಫೋನನ್ನು ಒಪ್ಪಿಸಿ ಸಂಜೆ ಪಡೆಯುವ ವ್ಯವಸ್ಥೆ, ತರಗತಿಯಲ್ಲಿ ಬಳಕೆಗೆ ತಡೆ, ಕ್ಯಾಮೆರಾ ಮತ್ತು ರೆಕಾರ್ಡಿಂಗಿಗೆ ತಡೆ, ನಿಯಮ ಮಾಡುವಾಗ ಹೆತ್ತವರ ಜೊತೆ ಸಮಾಲೋಚನೆ ಇವನ್ನು ಸೂಚಿಸಿತು. ಇದನ್ನು ಜಾರಿಗೆ ತರುವಾಗ ಕೈಕೊಡುವುದು ಸಣ್ಣಸಣ್ಣ ಸಂಗತಿಗಳು. ಒಬ್ಬೊಬ್ಬರಿಂದ ಫೋನು ಪಡೆದು ಹೆಸರು ಬರೆದುಕೊಳ್ಳುತ್ತ ಕುಳಿತರೆ ಮೊದಲ ಪೀರಿಯಡ್ಡಿನ ಹತ್ತು ನಿಮಿಷ ಅಲ್ಲೇ ಹೋಗುತ್ತದೆ. ಹಾಜರಿ ಸಂಖ್ಯೆ ಬರೆದ ಚೀಲಗಳ ಹಾಳೆ ಗೋಡೆಗಿದ್ದರೆ ಮಕ್ಕಳೇ ಸ್ವಿಚ್ ಆಫ್ ಮಾಡಿ ಹಾಕುತ್ತಾರೆ, ಖಾಲಿ ಚೀಲ ಒಂದೇ ನೋಟಕ್ಕೆ ಕಾಣುತ್ತದೆ. ಆಮೇಲೆ ಅದು ಕಪಾಟಿಗೆ, ಬೀಗದ ಕೈ ತರಗತಿ ಶಿಕ್ಷಕರ ಬಳಿ. ಹಳೆಯ ಕೆಟ್ಟ ಫೋನು ಒಪ್ಪಿಸಿ ಹೊಸದನ್ನು ಜೇಬಿನಲ್ಲಿಡುವವರು ಇದ್ದೇ ಇರುತ್ತಾರೆ. ಸ್ವಿಚ್ ಆಫ್ ಮಾಡುವುದು ಶಿಕ್ಷಕರ ಎದುರೇ ಆದರೆ ಇದು ತಗ್ಗುತ್ತದೆ. ಸಿಮ್ ಇರುವ ವಾಚಿಗೂ ಇದೇ ನಿಯಮ ಎಂದು ಬರೆದಿರಬೇಕು. ಕಪಾಟಿನಲ್ಲಿದ್ದ ಫೋನು ಒಡೆದರೆ ಹೊಣೆ ಯಾರದು ಎಂಬುದನ್ನೂ ಮೊದಲೇ ಬರೆಯಿರಿ.

ಒಂದು ವಿಷಯದಲ್ಲಿ ಶಿಕ್ಷಕರಿಗೆ ತರಬೇತಿ ಬೇಕೇಬೇಕು. ವಶಪಡಿಸಿಕೊಂಡ ಫೋನನ್ನು ತೆರೆದು ನೋಡುವಂತಿಲ್ಲ. ಅದರಲ್ಲಿ ಇನ್ನೊಂದು ಮಗುವಿನ ಅಶ್ಲೀಲ ಚಿತ್ರವಿದೆ ಎಂದು ಗೊತ್ತಾದರೆ, ಪುರಾವೆಗಿರಲಿ ಎಂದು ತಮ್ಮ ಫೋನಿಗೋ ಸಿಬ್ಬಂದಿಯ ಗ್ರೂಪಿಗೋ ಕಳಿಸಿಕೊಂಡರೆ ಅದೇ ಅಪರಾಧವಾಗಿಬಿಡಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಂಥ ಚಿತ್ರವನ್ನು ರವಾನಿಸಿದವರಿಗೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಶಿಕ್ಷೆಯಿದೆ. ಫೋನು ಆಫ್ ಮಾಡಿ, ಲಕೋಟೆಯಲ್ಲಿಟ್ಟು, ಸಮಯ ಬರೆದು ಮುಖ್ಯ ಶಿಕ್ಷಕರಿಗೆ ಕೊಡಬೇಕು. ಅಲ್ಲಿಂದ ಮುಂದೆ ಪೊಲೀಸ್ ಮತ್ತು ಮಕ್ಕಳ ಸಹಾಯವಾಣಿ 1098.

ಶಾಲೆಯ ಸ್ವಂತ ಕೀಲಿಗಳು

ಮಕ್ಕಳಿಗೆ ನಿಯಮ ಹೇಳುವ ಶಾಲೆಯ ಪಾಸ್‌ವರ್ಡ್ ಎಲ್ಲಿರುತ್ತದೆ? ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2022ರ ಜನವರಿಯಿಂದ 2024ರ ಆಗಸ್ಟ್‌ವರೆಗಿನ, ಶಿಕ್ಷಣ ಕ್ಷೇತ್ರದ ಒಳಗಿನವರಿಂದಲೇ ಆದ 215 ಮಾಹಿತಿ ಸೋರಿಕೆಗಳನ್ನು ಪರಿಶೀಲಿಸಿತು. ಶೇ 57ರಷ್ಟು ವಿದ್ಯಾರ್ಥಿಗಳಿಂದಲೇ ಆಗಿದ್ದವು. ಶೇ 30ರಷ್ಟಕ್ಕೆ ಕದ್ದ ಲಾಗಿನ್ ಕಾರಣ, ಅವುಗಳಲ್ಲಿ ಶೇ 97 ಮಕ್ಕಳ ಕೆಲಸ. ಜಾಣ ತಂತ್ರಗಳನ್ನು ಬಳಸಿದ್ದು ಶೇ 5ರಲ್ಲಿ ಮಾತ್ರ. ಉಳಿದವುಗಳಲ್ಲಿ ಊಹಿಸಬಹುದಾದ ಪಾಸ್‌ವರ್ಡ್, ಚೀಟಿಯಲ್ಲಿ ಬರೆದಿಟ್ಟದ್ದು, ಲಾಕ್ ಮಾಡದೆ ಎದ್ದುಹೋದ ಕಂಪ್ಯೂಟರು ಇಂಥವೂ ಇದ್ದವು. ಅಮೆರಿಕ ಮತ್ತು ಕೆನಡಾದ ಸಾವಿರಾರು ಶಾಲೆಗಳು ಬಳಸುವ ಪವರ್‌ಸ್ಕೂಲ್ ತಂತ್ರಾಂಶಕ್ಕೆ 2024ರ ಡಿಸೆಂಬರಿನಲ್ಲಿ ಕನ್ನ ಬಿದ್ದದ್ದೂ ಬೆಂಬಲ ಪೋರ್ಟಲಿನ ಒಂದು ಕದ್ದ ಪಾಸ್‌ವರ್ಡ್‌ನಿಂದ. ಅಲ್ಲಿ ಎರಡು ಹಂತದ ಪರಿಶೀಲನೆ ಇರಲಿಲ್ಲ. ಕಂಪನಿ ಹಣ ಕೊಟ್ಟಿತು, ಆದರೂ 2025ರ ಮೇನಲ್ಲಿ ಶಾಲೆಗಳಿಗೆ ಮತ್ತೆ ಬೆದರಿಕೆ ಬಂತು. ಸಿಕ್ಕಿಬಿದ್ದವನು 19ರ ವಿದ್ಯಾರ್ಥಿ, ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು.

ನಮ್ಮ ಶಾಲೆಗಳಲ್ಲಿ ಮಕ್ಕಳ ಮತ್ತು ಶಾಲೆಯ ವಿವರ ತುಂಬುವ ಸ್ಯಾಟ್ಸ್, ಯುಡೈಸ್ ಎಂಬ ಸರ್ಕಾರಿ ಪೋರ್ಟಲುಗಳ ಲಾಗಿನ್ ಮುಖ್ಯ ಶಿಕ್ಷಕರ ಹೆಸರಿನಲ್ಲಿರುತ್ತದೆ, ಮಾಹಿತಿ ತುಂಬುವುದು ಬೇರೆಯವರು. ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಲಾಗಿನ್ ಆಗುತ್ತಾರೆ, ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದಾಗ ಹೌದು ಎನ್ನುತ್ತಾರೆ. ಉಳಿಸಿದ ಪಾಸ್‌ವರ್ಡ್ ತೋರಿಸುವ ಮುನ್ನ ಕ್ರೋಮ್ ವಿಂಡೋಸ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ವಿಂಡೋಸ್ ಖಾತೆಗೇ ಪಾಸ್‌ವರ್ಡ್ ಇಲ್ಲದಿದ್ದರೆ ಕಣ್ಣಿನ ಚಿಹ್ನೆ ಒತ್ತಿದ ಕೂಡಲೇ ಅಕ್ಷರಗಳು ತೆರೆದುಕೊಳ್ಳುತ್ತವೆ. ಎಂಟನೇ ತರಗತಿಯ ಹುಡುಗಿಗೆ ಇದಕ್ಕೆ ಒಂದು ನಿಮಿಷ ಸಾಕು. ಪ್ರಯೋಗಾಲಯದ ಪ್ರತಿ ಕಂಪ್ಯೂಟರಿನಲ್ಲೂ ಎರಡು ಖಾತೆ ಮಾಡಿ: ಪಾಸ್‌ವರ್ಡ್ ಇರುವ ಅಡ್ಮಿನ್ ಒಂದು, ಮಕ್ಕಳಿಗೆ ಸ್ಟ್ಯಾಂಡರ್ಡ್ ಯೂಸರ್ ಒಂದು. ಪೋರ್ಟಲುಗಳ ಕೆಲಸ ಕಚೇರಿಯ ಒಂದೇ ಯಂತ್ರದಲ್ಲಿ ನಡೆಯಲಿ.

ವಿಂಡೋಸ್ 10ಕ್ಕೆ ಉಚಿತ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರಿನ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 11ಕ್ಕೆ ಅರ್ಹವಲ್ಲ. ಶಾಲೆಗಳಿಗೆ ವಿಸ್ತರಿತ ಬೆಂಬಲ ಯಂತ್ರಕ್ಕೆ ಮೊದಲ ವರ್ಷ ಒಂದು ಡಾಲರ್, ಆಮೇಲೆ ಎರಡು, ನಾಲ್ಕು. ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್ ವರ್ಷಗಳಿಂದ ಶಾಲೆಗಳಲ್ಲಿ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ನಡೆಸುತ್ತಿದೆ, ಹಳೆಯ ಯಂತ್ರಗಳಿಗೆ ಅದೇ ಸರಿಯಾದ ದಾರಿ. ಕನ್ನಡ ಶಾಲೆಗಳಿಗೆ ತೊಡಕಾಗುವುದು ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪ್ರಶ್ನೆಪತ್ರಿಕೆಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಎಲ್ಲ ಯಂತ್ರಗಳಲ್ಲೂ ಓದಬಹುದಾದ ಯುನಿಕೋಡಿಗೆ ಬದಲಿಸಿಟ್ಟುಕೊಂಡು ಆಮೇಲೆ ಲಿನಕ್ಸ್ ಹಾಕಬೇಕು.

ಕ್ಯಾಮೆರಾಗಳ ಕಥೆಯೂ ಹೀಗೇ. ಸಿಬಿಎಸ್‌ಇ 2025ರ ಜುಲೈನಲ್ಲಿ ಶೌಚಾಲಯ ಬಿಟ್ಟು ಶಾಲೆಯ ಉಳಿದೆಡೆ ಧ್ವನಿಯೂ ದಾಖಲಾಗುವ ಸಿಸಿಟಿವಿ ಕಡ್ಡಾಯ ಮಾಡಿತು, 15 ದಿನದ ದಾಖಲೆ ಇಡಬೇಕು. ಹಾಕಿಹೋದವರು ದೃಶ್ಯ ದಾಖಲಿಸುವ ಪೆಟ್ಟಿಗೆಗೆ, ಅಂದರೆ ಡಿವಿಆರ್‌ಗೆ, ಅಡ್ಮಿನ್ ಎಂಬ ಹೆಸರು, ಸರಳ ಅಂಕಿಗಳ ಪಾಸ್‌ವರ್ಡ್ ಬಿಟ್ಟುಹೋಗಿರುತ್ತಾರೆ. ಮೊಬೈಲಿನಲ್ಲಿ ನೋಡಲೆಂದು ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದರೆ, ಅಂದರೆ ಹೊರಗಿನ ಇಂಟರ್ನೆಟ್ಟಿನಿಂದ ಒಳಬರಲು ದಾರಿ ತೆರೆದಿದ್ದರೆ, ಆ ಡಿವಿಆರ್ ಇಡೀ ಜಗತ್ತಿಗೆ ತೆರೆದಿದೆ ಎಂದೇ ಅರ್ಥ. ಪಾಸ್‌ವರ್ಡ್ ಬದಲಿಸಿ, ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮತ್ತು ಇಂಥ ದಾರಿಯನ್ನು ತಾನಾಗಿ ತೆರೆಯುವ ಯುಪಿಎನ್‌ಪಿ ಎರಡನ್ನೂ ಮುಚ್ಚಿ, ಮಕ್ಕಳು ಬಳಸುವ ವೈಫೈಯಿಂದ ಡಿವಿಆರ್ ಅನ್ನು ಬೇರೆ ಮಾಡಿ. ಮಕ್ಕಳ ವೈಫೈಗೆ ಡಿಎನ್‌ಎಸ್ (ತಾಣದ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿದರೆ ಅಶ್ಲೀಲ ಮತ್ತು ಮಾಲ್‌ವೇರ್ ತಾಣಗಳಲ್ಲಿ ಹೆಚ್ಚಿನವು ತೆರೆಯವು. ಇಂಥ ತಡೆ ದಾಟಿಸುವ ವಿಪಿಎನ್ ಬಲ್ಲ ಹುಡುಗನನ್ನು ಇದು ತಡೆಯದು, ಆಕಸ್ಮಿಕವಾಗಿ ಹೋಗಿ ಬೀಳುವ ಐದನೇ ತರಗತಿಯವನನ್ನು ತಡೆಯುತ್ತದೆ. ಅಷ್ಟು ಸಾಕು.

ಶಾಲೆಯ ವ್ಯವಸ್ಥೆಯಲ್ಲಿ ತೂತು ಕಂಡುಹಿಡಿದ ಮಗುವನ್ನು ಏನು ಮಾಡಬೇಕೆಂದು ನಮ್ಮ ಶಾಲೆಗಳ ನೀತಿಯಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ಬ್ರಿಟನ್ನಿನ ಒಂದು ಪ್ರೌಢಶಾಲೆಯಲ್ಲಿ 1,400ಕ್ಕೂ ಹೆಚ್ಚು ಮಕ್ಕಳ ಮಾಹಿತಿಯಿದ್ದ ವ್ಯವಸ್ಥೆಗೆ ನುಗ್ಗಿದ ಮೂವರು ಹುಡುಗರು, ಸೈಬರ್ ಭದ್ರತೆಯಲ್ಲಿ ಆಸಕ್ತಿಯಿತ್ತು, ನಮ್ಮ ಕೌಶಲ ಪರೀಕ್ಷಿಸಿಕೊಂಡೆವು ಎಂದರು. ಬೇರೆಯವರ ಪಾಸ್‌ವರ್ಡ್ ಬಳಸುವುದು ಇಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧ ಎಂದು ಮಕ್ಕಳಿಗೆ ತಿಳಿದಿರಬೇಕು. ಜೊತೆಗೆ, ನೋಡಿದ್ದನ್ನು ಬಳಸದೆ, ಯಾರಿಗೂ ಹಂಚದೆ ಬಂದು ಹೇಳಿದವರಿಗೆ ಶಿಕ್ಷೆಯಿಲ್ಲ ಎಂಬ ಸಾಲೂ ನೀತಿಯಲ್ಲಿರಬೇಕು. ಯಾರ ಬಳಿ ಹೇಳಬೇಕೆಂದು ಒಬ್ಬ ಶಿಕ್ಷಕರ ಹೆಸರೂ ಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೊಸಿಟಿಎಫ್ ಶಾಲಾ ಮಕ್ಕಳಿಗಾಗಿಯೇ ಮಾಡಿದ, ಕಂಪ್ಯೂಟರ್ ಭದ್ರತೆಯ ಒಗಟುಗಳ ಉಚಿತ ಸ್ಪರ್ಧೆ. ಬೀಗ ಬಿಚ್ಚುವ ಕುತೂಹಲವಿರುವ ಹುಡುಗ ಹುಡುಗಿಯರು ಅಲ್ಲಿ ಯಾರ ಮಾಹಿತಿಗೂ ಕೈಹಾಕದೆ ಅದನ್ನು ಕಲಿಯಬಹುದು. ಬೇಕಾಗಿರುವುದು ಒಂದು ಬ್ರೌಸರ್, ವಾರಕ್ಕೊಂದು ಪೀರಿಯಡ್ ಮತ್ತು ಪ್ರಯೋಗಾಲಯದ ಬಾಗಿಲು ತೆರೆದುಕೊಡುವ ಒಬ್ಬ ಶಿಕ್ಷಕರು.